ಲಿಂಫೋಮಾ ಚಿಕಿತ್ಸೆ ಮುಗಿಸಿದ ತಂದೆಗೆ ಲಸಿಕೆ ಹಾಕಿಸಿ ಪ್ರಯೋಜನವಿದೆಯೇ?

ಪ್ರಶ್ನೆ: ನನ್ನ ತಂದೆಗೆ 74 ವರ್ಷ. ಬಿ ಕೋಶದ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಕಾಯಿಲೆಗೆ ಆರ್-ಚಾಪ್ ಎಂಬ ಕೀಮೋ ಚಿಕಿತ್ಸೆಯ ಆರು ಸುತ್ತು ಮುಗಿದು ಎರಡು ತಿಂಗಳಾಯಿತು. ಸ್ಕ್ಯಾನ್ ವರದಿ ಚೆನ್ನಾಗಿ ಬಂದಿದೆ. ಚಿಕಿತ್ಸೆಯ ನಡುವೆ ಒಮ್ಮೆ ಕೋವಿಡ್ ಲಸಿಕೆ ಹಾಕಿಸಿದ್ದೆವು. ಆಮೇಲೆ ಮಾಡಿಸಿದ ಪ್ರತಿಕಾಯ (ಆ್ಯಂಟಿಬಾಡಿ) ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂತು. ಈಗ ವೈದ್ಯರು ಫ್ಲೂ, ನ್ಯುಮೋನಿಯಾ, ಸರ್ಪಸುತ್ತಿನ ಲಸಿಕೆಗಳನ್ನು ಹಾಕಿಸಿ ಎನ್ನುತ್ತಿದ್ದಾರೆ. ‘ದೇಹ ಸ್ಪಂದಿಸುವುದೇ ಇಲ್ಲ ಎಂದಮೇಲೆ ಚುಚ್ಚಿಸಿ ಏನು ಬಂತು? ಸುಮ್ಮನಿರುವ ಕ್ಯಾನ್ಸರನ್ನು ಕೆಣಕಿದಂತಾಗುತ್ತದೆ’ ಎಂದು ಅಣ್ಣ ಬೇಡವೆನ್ನುತ್ತಾನೆ. ತಾಯಿಗೆ 69 ವರ್ಷ. ನಾಲ್ಕು ವರ್ಷದ ಹಿಂದೆ ಎಡಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಆಗಿದೆ, ಈಗ ಲೆಟ್ರೊಜೋಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮೂರು ವಾರದ ಹಿಂದೆ ಅವರಿಗೆ ಕೋವಿಡ್ ಬೂಸ್ಟರ್ ಅನ್ನು ಎಡತೋಳಿಗೇ ಹಾಕಿದರು. ಈಗ ಎಡಕಂಕುಳಲ್ಲಿ ಒಂದು ಗಂಟು ಕೈಗೆ ಸಿಗುತ್ತಿದೆ. ಅಣ್ಣ ಹೇಳಿದ್ದೇ ನಿಜವಾಯಿತೇ ಎಂದು ಭಯವಾಗುತ್ತಿದೆ. ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ನೀವು ತಂದೆಯವರ ಬಗ್ಗೆ ಹೆಚ್ಚು ಬರೆದಿದ್ದರೂ ನಾನು ತಾಯಿಯವರಿಂದ ಶುರುಮಾಡುತ್ತೇನೆ, ಏಕೆಂದರೆ ಈ ವಾರವೇ ಆಗಬೇಕಾದ ಕೆಲಸ ಅಲ್ಲಿದೆ.

ಲಸಿಕೆ ಹಾಕಿದ ತೋಳಿನ ಬದಿಯ ಕಂಕುಳಲ್ಲಿ ದುಗ್ಧಗ್ರಂಥಿ ಊದಿಕೊಳ್ಳುವುದು ಅಪರೂಪವಲ್ಲ. ತೋಳಿನ ಸ್ನಾಯುವಿಗೆ ಕೊಟ್ಟ ಲಸಿಕೆಯ ಅಂಶ ಹತ್ತಿರದ ಗ್ರಂಥಿಯನ್ನು ತಲುಪುತ್ತದೆ. ಅದನ್ನು ಗುರುತಿಸಿದ ಕೋಶಗಳು ಅಲ್ಲಿಯೇ ವೃದ್ಧಿಯಾಗತೊಡಗುತ್ತವೆ, ಗ್ರಂಥಿ ದಪ್ಪವಾಗುತ್ತದೆ, ಮುಟ್ಟಿದರೆ ಸ್ವಲ್ಪ ನೋಯುತ್ತದೆ, ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳ ನಂತರ ಇದು ಎಷ್ಟು ಜನರಲ್ಲಿ ಕಾಣಿಸಿಕೊಂಡಿತೆಂದರೆ, ಮ್ಯಾಮೊಗ್ರಾಂ ಮತ್ತು ಪೆಟ್ ಸ್ಕ್ಯಾನ್ ಓದುವ ರೇಡಿಯಾಲಜಿ ವೈದ್ಯರು ‘ಲಸಿಕೆ ಯಾವಾಗ, ಯಾವ ತೋಳಿಗೆ’ ಎಂದು ಕೇಳುವುದನ್ನು ರೂಢಿ ಮಾಡಿಕೊಂಡರು.

ಹಾಗೆಂದು ಕ್ಯಾನ್ಸರ್ ಬಂದಿದ್ದ ಬದಿಯಲ್ಲೇ ಗಂಟು ಸಿಕ್ಕಾಗ ‘ಲಸಿಕೆಯದೇ ಇರಬೇಕು’ ಎಂದು ಸುಮ್ಮನಿರಲು ನಾನು ಯಾರಿಗೂ ಹೇಳುವುದಿಲ್ಲ. ‘ಕ್ಯಾನ್ಸರ್ ಮರಳಿತು’ ಎಂದು ನಿದ್ದೆಗೆಡುವುದಕ್ಕೂ ಈಗ ಆಧಾರವಿಲ್ಲ. ಅವರ ಸ್ತನ ಕ್ಯಾನ್ಸರ್ ವೈದ್ಯರಿಗೆ ತೋರಿಸಿ, ಕಂಕುಳಿನ ಅಲ್ಟ್ರಾಸೌಂಡ್ ಮಾಡಿಸಿ, ಲಸಿಕೆಯ ದಿನಾಂಕ ಮತ್ತು ತೋಳು ಯಾವುದೆಂಬುದನ್ನು ಪರೀಕ್ಷೆಯ ಚೀಟಿಯಲ್ಲೇ ಬರೆಸಿ. ಗ್ರಂಥಿಯ ಆಕಾರ ಸಹಜವಾಗಿದ್ದು ಸುಮ್ಮನೆ ಊದಿದಂತೆ ಕಂಡರೆ ಆರರಿಂದ ಹನ್ನೆರಡು ವಾರಗಳಲ್ಲಿ ಮತ್ತೊಮ್ಮೆ ನೋಡುತ್ತಾರೆ. ಕರಗದಿದ್ದರೆ, ಬೆಳೆದರೆ ಅಥವಾ ಮೊದಲ ಸಲವೇ ಆಕಾರ ಅನುಮಾನ ಹುಟ್ಟಿಸಿದರೆ ಸೂಜಿಯಿಂದ ಮಾದರಿ ತೆಗೆದು ಪರೀಕ್ಷಿಸುತ್ತಾರೆ. ಇನ್ನು ಮುಂದೆ ಅವರಿಗೆ ಯಾವುದೇ ಲಸಿಕೆಯಾದರೂ ಬಲತೋಳಿಗೆ ಅಥವಾ ತೊಡೆಗೆ ಇರಲಿ. ಲಸಿಕೆ ಹಾಕುವವರು ರೋಗಿಯ ಹಳೆಯ ಕಡತ ನೋಡಿರುವುದಿಲ್ಲ. ತೋಳು ಚಾಚುವ ಮುನ್ನ ನೀವೇ ಹೇಳಬೇಕು.

ಲೆಟ್ರೊಜೋಲ್ ಈಸ್ಟ್ರೊಜೆನ್ ತಯಾರಿಕೆಯನ್ನು ತಡೆಯುವ ಮಾತ್ರೆ. ಅದು ಕೀಮೋದಂತೆ ರಕ್ತಕಣಗಳನ್ನು ತಗ್ಗಿಸುವುದಿಲ್ಲ. ಆದ್ದರಿಂದ ಲಸಿಕೆಯ ಮಟ್ಟಿಗೆ ನಿಮ್ಮ ತಾಯಿಯನ್ನು ಅದೇ ವಯಸ್ಸಿನ ಇತರ ಮಹಿಳೆಯರಂತೆಯೇ ನೋಡಬಹುದು. ನಿಮ್ಮ ಮನೆಯಲ್ಲಿ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಹಿರಿಯರು ಇಬ್ಬರಿದ್ದಾರೆ, ಲಸಿಕೆ ಅವರಲ್ಲಿ ಕೆಲಸ ಮಾಡುವ ರೀತಿ ಮಾತ್ರ ಅಜಗಜಾಂತರ. ‘ಕ್ಯಾನ್ಸರ್ ಇದ್ದವರಿಗೆ ಲಸಿಕೆ ನಾಟುವುದಿಲ್ಲ’ ಎನ್ನುವವರು ಮರೆಯುವುದು ಇದನ್ನೇ. ಯಾವ ಕ್ಯಾನ್ಸರ್, ಯಾವ ಔಷಧ, ಕೊನೆಯ ಡೋಸ್ ಆಗಿ ಎಷ್ಟು ಕಾಲವಾಯಿತು ಎಂಬ ಮೂರನ್ನು ತಿಳಿಯದೆ ಆ ಮಾತಿಗೆ ಅರ್ಥವಿಲ್ಲ.

ಈಗ ತಂದೆಯವರ ವಿಚಾರಕ್ಕೆ ಬರೋಣ. ಆರ್-ಚಾಪ್‌ನಲ್ಲಿರುವ ‘ಆರ್’ ಎಂದರೆ ರಿಟುಕ್ಸಿಮ್ಯಾಬ್. ಬಿ ಕೋಶಗಳ ಮೈಮೇಲೆ ಸಿಡಿ20 ಎಂಬ ಗುರುತಿರುತ್ತದೆ. ಈ ಔಷಧ ಅದಕ್ಕೆ ಅಂಟಿಕೊಂಡು ಆ ಕೋಶವನ್ನು ನಾಶಮಾಡುತ್ತದೆ. ಕ್ಯಾನ್ಸರ್ ತಗುಲಿದ ಬಿ ಕೋಶ, ಆರೋಗ್ಯವಾಗಿರುವ ಬಿ ಕೋಶ ಎಂಬ ಭೇದ ಅದಕ್ಕಿಲ್ಲ. ಲಿಂಫೋಮಾ ಗುಣವಾಗುವುದಕ್ಕೂ ಲಸಿಕೆಗೆ ಪ್ರತಿಕಾಯ ಹುಟ್ಟದಿರುವುದಕ್ಕೂ ಕಾರಣ ಒಂದೇ. ಪ್ರತಿಕಾಯ ತಯಾರಾಗಬೇಕಾದರೆ ಬಿ ಕೋಶಗಳು ಬೇಕು. ಚಿಕಿತ್ಸೆಯ ನಡುವೆ ಹಾಕಿಸಿದ ಲಸಿಕೆ ಬಿತ್ತನೆಯೇ ಆಗದ ಹೊಲಕ್ಕೆ ಬಿದ್ದ ಮಳೆಯಂತಾಯಿತು. ನಿಮ್ಮ ತಂದೆಯ ದೇಹ ಶಾಶ್ವತವಾಗಿ ಕೈಚೆಲ್ಲಿದೆ ಎಂದು ಆ ಶೂನ್ಯ ಹೇಳುತ್ತಿಲ್ಲ. ಆ ದಿನ ಕೋಶಗಳಿರಲಿಲ್ಲ ಎಂದಷ್ಟೇ ಹೇಳುತ್ತಿದೆ. ಕೊನೆಯ ಡೋಸ್ ಆದ ಆರು ತಿಂಗಳ ಹೊತ್ತಿಗೆ ಬಿ ಕೋಶಗಳು ಮೆಲ್ಲಗೆ ಮರಳತೊಡಗುತ್ತವೆ. ಪೂರ್ತಿ ಚೇತರಿಕೆಗೆ ಒಂದು ವರ್ಷ ಅಥವಾ ಇನ್ನೂ ಹೆಚ್ಚು ಹಿಡಿಯಬಹುದು.

ಇದನ್ನು ಸ್ಪಷ್ಟವಾಗಿ ತೋರಿಸಿದ ಒಂದು ಅಧ್ಯಯನ ಇಸ್ರೇಲ್‌ನಿಂದ 2021ರಲ್ಲಿ ಬಂತು. ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯಾ (ಇದೂ ಬಿ ಕೋಶಗಳದೇ ಕ್ಯಾನ್ಸರ್) ಇದ್ದ 167 ಮಂದಿಗೆ ಎರಡು ಡೋಸ್ ಕೋವಿಡ್ ಲಸಿಕೆ ಹಾಕಿ ನೋಡಿದಾಗ ಒಟ್ಟಾರೆ ಸುಮಾರು ಶೇ 40 ಮಂದಿಯಲ್ಲಿ ಮಾತ್ರ ಪ್ರತಿಕಾಯ ಕಂಡಿತು. ಚಿಕಿತ್ಸೆ ಪಡೆಯುತ್ತಿದ್ದವರಲ್ಲಿ ಅದು ಶೇ 16ಕ್ಕೆ ಇಳಿದಿತ್ತು. ಹಿಂದಿನ ಹನ್ನೆರಡು ತಿಂಗಳಲ್ಲಿ ಸಿಡಿ20 ವಿರುದ್ಧದ ಔಷಧ ಪಡೆದಿದ್ದವರಲ್ಲಿ ಒಬ್ಬರಲ್ಲೂ ಕಾಣಲಿಲ್ಲ. ಚಿಕಿತ್ಸೆ ಮುಗಿದು ರೋಗ ಹತೋಟಿಯಲ್ಲಿದ್ದವರಲ್ಲಿ ಮಾತ್ರ ಶೇ 79 ಮಂದಿಗೆ ಪ್ರತಿಕಾಯ ಬಂದಿತ್ತು. ಕಾಯಿಲೆ ಅದೇ. ಸೊನ್ನೆಗೂ 79ಕ್ಕೂ ಇರುವ ಈ ಅಂತರದಲ್ಲಿ ಬಹುಪಾಲು ಔಷಧ ಮತ್ತು ಸಮಯದ್ದು.

ಪ್ರತಿಕಾಯ ಪರೀಕ್ಷೆ ಹೇಳದ ಇನ್ನೆರಡು ಸಂಗತಿಗಳಿವೆ. ಮೊದಲನೆಯದು, ಹಳೆಯ ನೆನಪು. ಹಿಂದೆಂದೋ ಬಂದ ಸೋಂಕು, ಹಾಕಿಸಿಕೊಂಡ ಲಸಿಕೆಗಳಿಂದ ರೂಪುಗೊಂಡು ಮೂಳೆಯ ಮಜ್ಜೆಯಲ್ಲಿ ನೆಲೆಸಿರುವ ಪ್ಲಾಸ್ಮಾ ಕೋಶಗಳ ಮೇಲೆ ಸಿಡಿ20 ಗುರುತು ಇರುವುದಿಲ್ಲ. ಆದ್ದರಿಂದ ರಿಟುಕ್ಸಿಮ್ಯಾಬ್ ಅವನ್ನು ನೇರವಾಗಿ ಮುಟ್ಟುವುದಿಲ್ಲ, ಹಳೆಯ ರಕ್ಷಣೆಯ ದೊಡ್ಡ ಪಾಲು ಉಳಿದಿರುತ್ತದೆ. ಎರಡನೆಯದು, ಟಿ ಕೋಶಗಳು. ಸೋಂಕು ತಗುಲಿದ ಕೋಶಗಳನ್ನು ಹುಡುಕಿ ಕೊಲ್ಲುವ ಇವು ಸಾಮಾನ್ಯ ಪ್ರತಿಕಾಯ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ. ರಿಟುಕ್ಸಿಮ್ಯಾಬ್ ಪಡೆದು ಪ್ರತಿಕಾಯ ಶೂನ್ಯವಿದ್ದವರಲ್ಲೂ ಲಸಿಕೆಯ ನಂತರ ಟಿ ಕೋಶಗಳ ಪ್ರತಿಕ್ರಿಯೆ ಹಲವರಲ್ಲಿ ಕಂಡುಬಂದಿದೆ. ಕೋವಿಡ್ ತಗುಲಿದ ರಕ್ತದ ಕ್ಯಾನ್ಸರ್ ರೋಗಿಗಳ ಪೈಕಿ ಸಿಡಿ8 ಎಂಬ ಬಗೆಯ ಟಿ ಕೋಶಗಳು ಹೆಚ್ಚಿದ್ದವರು ಬದುಕುಳಿಯುವ ಸಾಧ್ಯತೆ ಹೆಚ್ಚು ಎಂದು 2021ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಸಿಡಿ20 ಔಷಧ ಪಡೆದವರೂ ಅವರಲ್ಲಿದ್ದರು. ಈ ಕಾರಣಕ್ಕೇ ಲಸಿಕೆ ಹಾಕಿದಮೇಲೆ ವಾಡಿಕೆಯಾಗಿ ಪ್ರತಿಕಾಯ ಪರೀಕ್ಷೆ ಮಾಡಿಸಲು ನಾನು ಹೇಳುವುದಿಲ್ಲ. ಸೊನ್ನೆ ಬಂದರೆ ಕುಟುಂಬ ಲಸಿಕೆಯನ್ನೇ ಬಿಟ್ಟುಬಿಡುತ್ತದೆ, ದೊಡ್ಡ ಅಂಕಿ ಬಂದರೆ ಎಚ್ಚರಿಕೆ ಬಿಡುತ್ತದೆ. ಎರಡೂ ರೋಗಿಗೆ ಒಳ್ಳೆಯದಲ್ಲ.

ಸ್ತನ, ಕರುಳು, ಶ್ವಾಸಕೋಶದಂತಹ ಅಂಗಗಳ ಕ್ಯಾನ್ಸರ್ ಇರುವವರ ಸ್ಥಿತಿ ಬೇರೆ. ಲಂಡನ್‌ನ ಒಂದು ಸಣ್ಣ ಗುಂಪಿನಲ್ಲಿ, ಕೋವಿಡ್ ಲಸಿಕೆಯ ಒಂದೇ ಡೋಸ್ ಆದಾಗ ಇಂತಹ ರೋಗಿಗಳಲ್ಲಿ ಶೇ 38 ಮಂದಿಗೆ ಮಾತ್ರ ಪ್ರತಿಕಾಯ ಬಂದಿತ್ತು, ಆರೋಗ್ಯವಂತರಲ್ಲಿ ಶೇ 94 ಮಂದಿಗೆ. ಮೂರು ವಾರಕ್ಕೆ ಎರಡನೇ ಡೋಸ್ ಸಿಕ್ಕ ರೋಗಿಗಳಲ್ಲಿ ಅದು ಶೇ 95ಕ್ಕೆ ಏರಿತು. ಅವರ ದೇಹಕ್ಕೆ ಸಾಮರ್ಥ್ಯವಿತ್ತು, ಇನ್ನೊಂದು ಡೋಸ್ ಬೇಕಿತ್ತು.

ಇನ್ನು ವಯಸ್ಸು. ಎದೆಯ ಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಟಿ ಕೋಶಗಳು ಪಳಗುತ್ತವೆ. ಹರೆಯ ದಾಟಿದಮೇಲೆ ಅದು ಕುಗ್ಗುತ್ತಾ ಬರುತ್ತದೆ, ಎಪ್ಪತ್ತರ ಹೊತ್ತಿಗೆ ಬಹುಪಾಲು ಕೊಬ್ಬಾಗಿರುತ್ತದೆ. ಹೊಸ ರೋಗಾಣುವನ್ನು ಮೊದಲ ಸಲ ಎದುರಿಸಬಲ್ಲ ಕೋಶಗಳ ಸಂಖ್ಯೆ ಇಳಿಯುತ್ತದೆ. ಆದರೆ ಈ ತೊಡಕನ್ನು ಲಸಿಕೆ ತಯಾರಿಸುವವರು ಎಷ್ಟರ ಮಟ್ಟಿಗೆ ದಾಟಿದ್ದಾರೆ ಎನ್ನುವುದಕ್ಕೆ ಸರ್ಪಸುತ್ತಿನ ಲಸಿಕೆಯೇ ಸಾಕ್ಷಿ. 2006ರಲ್ಲಿ ಬಂದ ಹಳೆಯ ಲಸಿಕೆಯಲ್ಲಿ ಜೀವಂತ, ದುರ್ಬಲಗೊಳಿಸಿದ ವೈರಸ್ ಇತ್ತು. 70 ದಾಟಿದವರಲ್ಲಿ ಅದು ಕೊಟ್ಟ ರಕ್ಷಣೆ ಸುಮಾರು ಶೇ 38. 2017ರಲ್ಲಿ ಮಂಜೂರಾದ ಹೊಸ ಲಸಿಕೆಯಲ್ಲಿ ವೈರಸ್ ಇಲ್ಲ; ಅದರ ಒಂದು ಪ್ರೋಟೀನ್ ಮತ್ತು ರೋಗನಿರೋಧಕ ವ್ಯವಸ್ಥೆಯನ್ನು ಬಲವಾಗಿ ಎಚ್ಚರಿಸುವ ಸಹಾಯಕ ವಸ್ತು ಇದೆ. ಅದೇ 70 ದಾಟಿದವರಲ್ಲಿ ರಕ್ಷಣೆ ಸುಮಾರು ಶೇ 90ಕ್ಕೆ ಏರಿತು. ತಮ್ಮದೇ ಆಕರಕೋಶಗಳ (ಸ್ಟೆಮ್ ಸೆಲ್) ಕಸಿ ಮಾಡಿಸಿಕೊಂಡ ಕ್ಯಾನ್ಸರ್ ರೋಗಿಗಳಲ್ಲೂ ಶೇ 68ರಷ್ಟು ರಕ್ಷಣೆ ಸಿಕ್ಕಿತು. ಫ್ಲೂ ವಿಚಾರದಲ್ಲೂ ಹೀಗೆಯೇ. ನಾಲ್ಕು ಪಟ್ಟು ಪ್ರತಿಜನಕ (ದೇಹ ಗುರುತಿಸುವ ವೈರಸ್‌ನ ಅಂಶ) ಇರುವ ಹೆಚ್ಚಿನ ಸಾಮರ್ಥ್ಯದ ಲಸಿಕೆ 65 ದಾಟಿದವರಲ್ಲಿ ಸಾಮಾನ್ಯ ಲಸಿಕೆಗಿಂತ ಸುಮಾರು ಶೇ 24 ಹೆಚ್ಚು ಪರಿಣಾಮಕಾರಿ ಎಂದು 2014ರ ದೊಡ್ಡ ಪ್ರಯೋಗದಲ್ಲಿ ಕಂಡಿತು. ನಿಮಗೆ ಅದು ಸಿಗುವಂತಿದ್ದರೆ ಅದನ್ನೇ ಕೇಳಿ. ಸಿಗದಿದ್ದರೆ ಸಾಮಾನ್ಯ ಲಸಿಕೆಯನ್ನೇ ಹಾಕಿಸಿ, ಅದಕ್ಕಾಗಿ ಕಾಯುತ್ತಾ ಫ್ಲೂ ಋತು ಕಳೆಯುವುದು ಬೇಡ.

ಅಣ್ಣನ ವಾದದಲ್ಲಿ ಒಂದು ತುಣುಕು ಸತ್ಯವಿದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಕೆನಡಾದ ಒಂಟಾರಿಯೊದಲ್ಲಿ ಕ್ಯಾನ್ಸರ್ ಇರುವವರ ದಾಖಲೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫ್ಲೂ ಲಸಿಕೆ ಪರೀಕ್ಷೆಯಲ್ಲಿ ದೃಢಪಟ್ಟ ಫ್ಲೂವನ್ನು ತಡೆದದ್ದು ಶೇ 21ರಷ್ಟು ಮಾತ್ರ. ಅಂಗಗಳ ಕ್ಯಾನ್ಸರ್ ಇದ್ದವರಲ್ಲಿ ಶೇ 25, ರಕ್ತದ ಕ್ಯಾನ್ಸರ್ ಇದ್ದವರಲ್ಲಿ ಶೇ 8. ಇದು ಹೆಮ್ಮೆಪಡುವ ಅಂಕಿಯಲ್ಲ. ಆದರೂ ನಾನು ಪ್ರತಿ ವರ್ಷ ನನ್ನ ರೋಗಿಗಳಿಗೆ ಫ್ಲೂ ಲಸಿಕೆ ಬರೆಯುತ್ತೇನೆ. ಈ ವಯಸ್ಸಿನಲ್ಲಿ, ಈ ಕಾಯಿಲೆಯ ಜೊತೆ ಫ್ಲೂ ಬಂದರೆ ಅದು ಮೂರು ದಿನದ ನೆಗಡಿ-ಜ್ವರದಲ್ಲಿ ಮುಗಿಯುವುದಿಲ್ಲ. ನ್ಯುಮೋನಿಯಾಕ್ಕೆ ತಿರುಗಿದರೆ ಆಸ್ಪತ್ರೆ ಸೇರಬೇಕಾಗುತ್ತದೆ, ಕ್ಯಾನ್ಸರ್ ಚಿಕಿತ್ಸೆ ಮುಂದಕ್ಕೆ ಹೋಗುತ್ತದೆ. ಐವರಲ್ಲಿ ಒಬ್ಬರನ್ನು ಇದರಿಂದ ತಪ್ಪಿಸಬಹುದಾದರೆ, ಎರಡು ದಿನದ ತೋಳುನೋವು ಅದಕ್ಕೆ ಹೆಚ್ಚಿನ ಬೆಲೆಯಲ್ಲ. ಅದೇ ಅಧ್ಯಯನದಲ್ಲಿ ಕೀಮೋ ನಡೆಯುತ್ತಿದ್ದವರಿಗೂ ಇಲ್ಲದವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಗಮನಿಸಿ.

‘ಕ್ಯಾನ್ಸರನ್ನು ಕೆಣಕುತ್ತದೆ’ ಎಂಬ ಮಾತಿಗೆ ಮಾತ್ರ ಆಧಾರವಿಲ್ಲ. ಲಸಿಕೆ ಹಾಕಿಸಿಕೊಂಡದ್ದರಿಂದ ಕ್ಯಾನ್ಸರ್ ಮರುಕಳಿಸಿತು ಅಥವಾ ಬೇಗ ಬೆಳೆಯಿತು ಎಂಬುದು ಯಾವ ಒಳ್ಳೆಯ ಅಧ್ಯಯನದಲ್ಲೂ ಸಾಬೀತಾಗಿಲ್ಲ. ಈ ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಎನ್ನುವುದು ನನಗೆ ಅರ್ಥವಾಗುತ್ತದೆ. ಕ್ಯಾನ್ಸರ್ ಹೆಚ್ಚಾಗಿ ಬರುವುದು ಇಳಿವಯಸ್ಸಿನಲ್ಲಿ, ಲಸಿಕೆಗಳನ್ನು ಹೆಚ್ಚಾಗಿ ಹಾಕಿಸುವುದೂ ಇಳಿವಯಸ್ಸಿನವರಿಗೆ. ಕೋಟ್ಯಂತರ ಮಂದಿ ಲಸಿಕೆ ಪಡೆದಾಗ, ಮರುತಿಂಗಳು ಕ್ಯಾನ್ಸರ್ ಪತ್ತೆಯಾದವರೂ ಅವರಲ್ಲಿ ಇದ್ದೇ ಇರುತ್ತಾರೆ. ಆ ಗಡ್ಡೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮೊದಲೇ ಬೆಳೆಯುತ್ತಿತ್ತು. ನಿಮ್ಮ ತಾಯಿಯ ಕಂಕುಳಿನಂತಹ ಊತವೋ ಪೆಟ್ ಸ್ಕ್ಯಾನ್‌ನಲ್ಲಿ ಹೊಳೆಯುವ ಗ್ರಂಥಿಯೋ ಆ ಭಯಕ್ಕೆ ತುಪ್ಪ ಸುರಿಯುತ್ತದೆ.

ತಂದೆಯವರಿಗೆ ಏನು, ಯಾವಾಗ? ಡಿಸ್ಚಾರ್ಜ್ ಸಾರಾಂಶ ತೆಗೆದು ಕೊನೆಯ ರಿಟುಕ್ಸಿಮ್ಯಾಬ್ ಕೊಟ್ಟ ದಿನಾಂಕವನ್ನು ಹುಡುಕಿ. ಕೆಲವರಿಗೆ ಆರು ಸುತ್ತು ಕೀಮೋ ಮುಗಿದಮೇಲೂ ರಿಟುಕ್ಸಿಮ್ಯಾಬ್ ಒಂದನ್ನೇ ಎರಡು ಸಲ ಕೊಟ್ಟಿರುತ್ತಾರೆ. ಲೆಕ್ಕ ಶುರುವಾಗಬೇಕಾದದ್ದು ಆ ಕೊನೆಯ ದಿನದಿಂದ. ಅಲ್ಲಿಂದ ಆರು ತಿಂಗಳು ಕಾದು ಹಾಕಿಸಿದ ಲಸಿಕೆಗೆ ಪ್ರತಿಕಾಯ ಬರುವ ಸಾಧ್ಯತೆ ಹೆಚ್ಚು. ಆದರೆ ಆ ಕಾಯುವ ಅವಧಿಯೇ ಸೋಂಕಿನ ದೃಷ್ಟಿಯಿಂದ ಅಪಾಯದ ಕಾಲ. ಹೀಗಾಗಿ ಎಲ್ಲ ಲಸಿಕೆಗಳಿಗೂ ಒಂದೇ ನಿಯಮ ಹೊಂದುವುದಿಲ್ಲ.

ಫ್ಲೂ ಋತು ಶುರುವಾಗಿದ್ದರೆ ಅಥವಾ ಹತ್ತಿರವಿದ್ದರೆ ಫ್ಲೂ ಲಸಿಕೆಯನ್ನು ಈಗಲೇ ಹಾಕಿಸಿ. ಅವರು ಹಿಂದೆ ಎಷ್ಟೋ ಸಲ ಫ್ಲೂ ಎದುರಿಸಿರುತ್ತಾರೆ, ಟಿ ಕೋಶಗಳನ್ನಾದರೂ ಎಚ್ಚರಿಸಿದಂತಾಗುತ್ತದೆ. ಸರ್ಪಸುತ್ತಿನ ಹೊಸ ಲಸಿಕೆಯನ್ನು ಆರನೇ ತಿಂಗಳಿಗೆ ಇಟ್ಟುಕೊಳ್ಳುವುದು ನನ್ನ ಇಷ್ಟ. ಸಾಮಾನ್ಯವಾಗಿ ಎರಡು ಡೋಸ್‌ಗಳ ನಡುವೆ ಎರಡರಿಂದ ಆರು ತಿಂಗಳು ಬಿಡುತ್ತಾರೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಒಂದರಿಂದ ಎರಡು ತಿಂಗಳಿಗೇ ಕೊಡಬಹುದು. ಅಲ್ಲಿಯವರೆಗೆ ಸರ್ಪಸುತ್ತಿನ ವೈರಸ್ಸನ್ನು ತಡೆಯುವ ಅಸೈಕ್ಲೋವಿರ್ ಮಾತ್ರೆ ಮುಂದುವರಿಸಬೇಕೇ ಎಂದು ಅವರ ವೈದ್ಯರನ್ನು ಕೇಳಿ. ನ್ಯುಮೋನಿಯಾದ, ಅಂದರೆ ನ್ಯುಮೊಕಾಕಸ್ ಬ್ಯಾಕ್ಟೀರಿಯಾದ ಲಸಿಕೆಯಲ್ಲಿ ನಿರ್ಧಾರ ಸ್ವಲ್ಪ ಕಠಿಣ. ಶ್ವಾಸಕೋಶದ ಹಳೆಯ ತೊಂದರೆ, ಮಧುಮೇಹ ಅಥವಾ ಪದೇ ಪದೇ ಕಫ-ಜ್ವರ ಇದ್ದವರಿಗೆ ನಾನು ಕಾಯುವುದಿಲ್ಲ. ಇಲ್ಲದಿದ್ದರೆ ಆರು ತಿಂಗಳು ಕಾಯುವುದು ಲಾಭ. ಯಾವಾಗ ಹಾಕಿಸಿದರೂ ಸಂಯುಕ್ತ ಲಸಿಕೆಯೇ (ಬ್ಯಾಕ್ಟೀರಿಯಾದ ಸಕ್ಕರೆಯ ಸರಪಳಿಯನ್ನು ಪ್ರೋಟೀನ್‌ಗೆ ಜೋಡಿಸಿದ್ದು) ಮೊದಲು ಬರಲಿ. 23 ಬಗೆಯ ಹಳೆಯ ಲಸಿಕೆಯಲ್ಲಿ ಬರೀ ಸಕ್ಕರೆಯ ಸರಪಳಿಗಳಿವೆ, ಅದು ಟಿ ಕೋಶಗಳ ನೆರವು ಪಡೆಯುವುದಿಲ್ಲ. 20 ಬಗೆಯ ಸಂಯುಕ್ತ ಲಸಿಕೆ ಸಿಕ್ಕರೆ ಒಂದೇ ಡೋಸ್ ಸಾಕು. ಚಿಕಿತ್ಸೆಯ ನಡುವೆ ಹಾಕಿಸಿದ ಕೋವಿಡ್ ಡೋಸ್ ಅನ್ನು ಲೆಕ್ಕಕ್ಕೆ ಹಿಡಿಯದೆ, ಬಿ ಕೋಶಗಳು ಮರಳುವ ಆರನೇ ತಿಂಗಳ ನಂತರ ಮತ್ತೊಂದು ಹಾಕಿಸಿ.

ಜೀವಂತ ವೈರಸ್ ಇರುವ ಲಸಿಕೆಗಳು ಸದ್ಯಕ್ಕೆ ಅವರಿಗೆ ಬೇಡವೇ ಬೇಡ: ಹಳೆಯ ಸರ್ಪಸುತ್ತಿನ ಲಸಿಕೆ, ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ, ಹಳದಿ ಜ್ವರದ ಲಸಿಕೆ. ‘ಕ್ಯಾನ್ಸರ್ ರೋಗಿಗೆ ಲಸಿಕೆ ಅಪಾಯ’ ಎಂಬ ಮಾತು ನಿಜವಾಗುವುದು ಇಲ್ಲಿ ಮಾತ್ರ. ಚುಚ್ಚುವ ಫ್ಲೂ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ, ಅದರಿಂದ ಫ್ಲೂ ಬರಲಾರದು.

ಮುಂದೆಂದಾದರೂ ಮತ್ತೆ ಕ್ಯಾನ್ಸರ್ ಚಿಕಿತ್ಸೆ ಬೇಕಾದರೆ, ಶುರುವಾಗುವ ಎರಡರಿಂದ ನಾಲ್ಕು ವಾರ ಮೊದಲೇ ಲಸಿಕೆಗಳು ಮುಗಿದಿರುವುದು ಉತ್ತಮ. ಆದರೆ ಲಸಿಕೆಗೋಸ್ಕರ ತುರ್ತು ಚಿಕಿತ್ಸೆಯನ್ನು ಒಂದು ದಿನವೂ ಮುಂದೂಡಬಾರದು. ಎರಡು ತಿಂಗಳಿಗೊಮ್ಮೆ ರಿಟುಕ್ಸಿಮ್ಯಾಬ್ ಮುಂದುವರಿಸುವ ರೋಗಿಗಳಿಗೆ ಆರು ತಿಂಗಳ ಬಿಡುವು ಸಿಗುವುದೇ ಇಲ್ಲ. ಅವರಿಗೆ ಮುಂದಿನ ಡೋಸ್‌ಗೆ ಸುಮಾರು ನಾಲ್ಕು ವಾರ ಮೊದಲು ಕೊಡುತ್ತೇವೆ.

ಲಸಿಕೆ ಹಾಕಿಸುವ ದಿನ ಪ್ಲೇಟ್‌ಲೆಟ್ ಎಷ್ಟಿದೆ ನೋಡಿ. 50,000ಕ್ಕಿಂತ ಕಡಿಮೆಯಿದ್ದರೆ ವೈದ್ಯರನ್ನು ಕೇಳಿ ಮುಂದುವರಿಯಿರಿ. ತೆಳುವಾದ ಸೂಜಿ ಬಳಸಿ, ಚುಚ್ಚಿದ ಜಾಗವನ್ನು ಉಜ್ಜದೆ ಎರಡು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಇಲ್ಲವಾದರೆ ಸ್ನಾಯುವಿನೊಳಗೆ ರಕ್ತ ಹೆಪ್ಪುಗಟ್ಟುತ್ತದೆ. ಸರ್ಪಸುತ್ತಿನ ಹೊಸ ಲಸಿಕೆಯ ನಂತರ ಒಂದೆರಡು ದಿನ ಮೈಕೈ ನೋವು, ಆಯಾಸ, ಚಳಿ ಜೋರಾಗಿಯೇ ಇರಬಹುದು.

ಜ್ವರದ ಬಗ್ಗೆ ಮಾತ್ರ ಒತ್ತಿ ಹೇಳುತ್ತೇನೆ. ರಿಟುಕ್ಸಿಮ್ಯಾಬ್ ಮುಗಿದ ತಿಂಗಳುಗಳ ನಂತರವೂ ಕೆಲವರಲ್ಲಿ ಬಿಳಿರಕ್ತಕಣಗಳು ಹಠಾತ್ ಕುಸಿಯುತ್ತವೆ. ಲಸಿಕೆ ಹಾಕಿದ ಮರುದಿನವೇ ಆಗಲಿ, ಮೈಬಿಸಿ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ‘ಲಸಿಕೆಯ ಜ್ವರ’ ಎಂದು ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸಬೇಡಿ. ಮೊದಲು ಕ್ಯಾನ್ಸರ್ ಘಟಕಕ್ಕೆ ಫೋನ್ ಮಾಡಿ, ಅದೇ ದಿನ ರಕ್ತಕಣಗಳ ಎಣಿಕೆ ಆಗಲಿ. ಹೆಚ್ಚಿನ ಸಲ ಅದು ಲಸಿಕೆಯದೇ ಆಗಿರುತ್ತದೆ. ಆಗಿರದ ಆ ಒಂದು ಸಲ ಗಂಟೆಗಳೂ ಮುಖ್ಯವಾಗುತ್ತವೆ.

ನಿಮ್ಮ ಅಣ್ಣನವರಿಗೂ ಒಂದು ಮಾತು. ತಂದೆಯ ಮೇಲೆ ಅವರಿಗಿರುವ ಕಾಳಜಿ ನಿಮ್ಮದಕ್ಕಿಂತ ಕಡಿಮೆಯಲ್ಲ. ತಂದೆಯವರ ದೇಹ ಮುಂದಿನ ನಾಲ್ಕು ತಿಂಗಳು ಅರೆಬರೆಯಾಗಿ ಸ್ಪಂದಿಸುವುದಾದರೆ, ಅವರ ಜೊತೆ ಒಂದೇ ಸೂರಿನಡಿ ಇರುವವರ ದೇಹ ಪೂರ್ತಿಯಾಗಿ ಸ್ಪಂದಿಸುತ್ತದೆ. ಅಣ್ಣ, ನೀವು, ಮನೆಯ ಮಕ್ಕಳು ಎಲ್ಲರೂ ಫ್ಲೂ ಮತ್ತು ಕೋವಿಡ್ ಲಸಿಕೆಗಳನ್ನು ವೇಳೆಗೆ ಸರಿಯಾಗಿ ಹಾಕಿಸಿಕೊಂಡರೆ ಸೋಂಕು ಅವರ ಹತ್ತಿರ ಸುಳಿಯುವ ದಾರಿಯೇ ಕಿರಿದಾಗುತ್ತದೆ. ಮನೆಯಲ್ಲಿ ಯಾರಿಗಾದರೂ ನೆಗಡಿಯಿದ್ದರೆ ಅವರು ತಂದೆಯವರ ಕೋಣೆಗೆ ಹೋಗುವಾಗ ಮಾಸ್ಕ್ ಹಾಕಿಕೊಳ್ಳಲಿ.

ಇಷ್ಟಾದರೂ ಸೋಂಕು ತಗುಲಬಹುದು. ಆಗ ತಡಮಾಡದೆ ಪರೀಕ್ಷೆ ಮಾಡಿಸಿ. ಫ್ಲೂ ಆದರೆ ಒಸೆಲ್ಟಾಮಿವಿರ್ ಅನ್ನು ಲಕ್ಷಣ ಕಂಡ 48 ಗಂಟೆಯೊಳಗೆ ಶುರುಮಾಡಿದಾಗ ಪ್ರಯೋಜನ ಹೆಚ್ಚು. ಕೋವಿಡ್ ಆದರೆ ನಿರ್ಮಾಟ್ರೆಲ್ವಿರ್-ರಿಟೊನಾವಿರ್ ಐದು ದಿನದೊಳಗೆ ಶುರುವಾಗಬೇಕು. ರಿಟೊನಾವಿರ್ ಹಲವು ಕ್ಯಾನ್ಸರ್ ಮಾತ್ರೆಗಳ, ಹೃದಯದ ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸಿಬಿಡುವುದರಿಂದ, ತಂದೆಯವರು ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ನಿಮ್ಮ ಮೊಬೈಲ್‌ನಲ್ಲಿರಲಿ. ಪದೇ ಪದೇ ಸೋಂಕು ಬರತೊಡಗಿದರೆ ರಕ್ತದ ಮುಖ್ಯ ಪ್ರತಿಕಾಯವಾದ ಐಜಿಜಿಯ ಮಟ್ಟ ನೋಡಲು ವೈದ್ಯರನ್ನು ಕೇಳಿ. ಅದು ತೀರಾ ಕಡಿಮೆಯಿದ್ದರೆ ದಾನಿಗಳ ರಕ್ತದಿಂದ ತೆಗೆದ ಇಮ್ಯುನೊಗ್ಲಾಬ್ಯುಲಿನ್ ಅನ್ನು ಡ್ರಿಪ್ ಮೂಲಕ ಕೊಡುತ್ತಾರೆ. ಅದನ್ನು ಪಡೆಯುತ್ತಿರುವಾಗ ಪ್ರತಿಕಾಯ ಪರೀಕ್ಷೆ ಮಾಡಿಸಿದರೆ ಕಾಣುವುದು ದಾನಿಗಳ ಪ್ರತಿಕಾಯ. ಆ ವರದಿಯನ್ನು ನೋಡಿ ಲಸಿಕೆಗಳನ್ನು ನಿಲ್ಲಿಸಬೇಡಿ.